ಕಾಗೆ ಇಲ್ಲದ ದಂಡೆ

"ಅಲ್ಲ್ ಕಾಕಿ ಇತ್ತಾ?" ಎಂದು ಅಮ್ಮ ಕೇಳಿದಳು.

ನಾನು ಕ್ಯಾಮೆರಾದ ಲೆನ್ಸ್ ಒರೆಸುತ್ತಿದ್ದೆ. ಪಳವೇರ್ಕಾಡಿನ ಹಿನ್ನೀರಿನಲ್ಲಿ ರೀವ ಎನ್ನುವ ಕಡಲಹಕ್ಕಿಗಳು ಮರಳದಿಬ್ಬದ ಮೇಲೆ ಮೊಟ್ಟೆಯಿಟ್ಟಿವೆ, ನೋಡಿಬರೋಣ ಬಾ ಎಂದು ವಾರದಿಂದ ಪುಸಲಾಯಿಸುತ್ತಿದ್ದೆ. ಇವಳಿಗೆ ಬೇಕಾದ್ದು ಕಾಗೆ.

"ಕಾಕಿ ಇಲ್ದಿದ್ ಊರ್ ಯಾವ್ದಿತ್ತ್ ಅಮ್ಮ?" ಎಂದೆ. ಮದ್ರಾಸಿನ ವೆಸ್ಟ್ ಮಾಂಬಲಂನಲ್ಲಿ ಕೂತವರಿಗೆ ಬೇರೆ ಉತ್ತರ ತೋಚುವುದಿಲ್ಲ.

ನಾವು ಕುಂದಾಪುರದ ಕಡೆಯವರು. ಅಪ್ಪಯ್ಯ ಈ ಊರಿಗೆ ಬಂದು ಸಸ್ಯಾಹಾರಿ ಹೋಟೆಲೊಂದರ ಗಲ್ಲಾದಲ್ಲಿ ಕೂತೇ ಆಯುಷ್ಯ ಕಳೆದರು. ಮಧ್ಯಾಹ್ನದ ಕೊನೆಯ ಗಿರಾಕಿ ಕೈತೊಳೆದ ಮೇಲೆಯೇ ಅವರ ಊಟ. ನಮ್ಮ ಊರಲ್ಲಿ ಕಾಗೆಯನ್ನು ಕರೆಯುವುದು ಶ್ರಾದ್ಧದ ದಿನ ಮಾತ್ರ. ದಿನಾ ಅನ್ನ ಬೆಂದ ಕೂಡಲೇ ಮಹಡಿ ಗೋಡೆಯ ಮೇಲೆ ಒಂದು ತುತ್ತಿಟ್ಟು "ಕಾ, ಕಾ" ಎಂದು ಕೂಗುವುದು ಇಲ್ಲಿನ ಅಕ್ಕಪಕ್ಕದ ಮಾಮಿಗಳ ಪದ್ಧತಿ. ಅದನ್ನು ನೋಡಿ ನಗುತ್ತಿದ್ದ ಅಮ್ಮ, ಅಪ್ಪಯ್ಯ ಹೋದ ಮೇಲೆ ಆ ಮಾಮಿಗಳನ್ನೂ ಮೀರಿಸಿದಳು. ಕಾಗೆ ಮುಟ್ಟುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ಆ ಕಾಗೆ ಯಾರು ಅಂತ ಅವಳು ಒಮ್ಮೆಯೂ ಹೇಳಿದ್ದಿಲ್ಲ. ಆದರೆ ಸಾರಿಗೆ ಉಪ್ಪು ಕಡಿಮೆಯಾದ ದಿನ ಗೋಡೆಯತ್ತ ನೋಡಿ "ಇವತ್ತೊಂದಿನ ಸುಧಾರ್ಸ್ಕಣಿ" ಅನ್ನುತ್ತಾಳೆ.

ನಗಬಹುದಿತ್ತು, ಅವಳಿಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೆ. ತಿನ್ನುವುದು ತಡವಾದರೆ ಕೈ ನಡುಗುತ್ತದೆ. ಈ ಕಾಗೆಯ ದೆಸೆಯಿಂದ ಅವಳು ಮದುವೆ ಮುಂಜಿಗೂ ಹೋಗುವುದು ಬಿಟ್ಟಿದ್ದಳು. ಕಡಲ ಪಕ್ಕದಲ್ಲಿ ಹುಟ್ಟಿದವಳು, ಈಗ ಮಹಡಿ ಮೆಟ್ಟಿಲಷ್ಟೇ ಅವಳ ತಿರುಗಾಟ. ಈ ಬೇಸಿಗೆ ಹೊರಗೆ ಕರೆದುಕೊಂಡು ಹೋಗದಿದ್ದರೆ ಇನ್ನು ಅವಳು ಮನೆ ಬಿಟ್ಟು ಕದಲುವುದಿಲ್ಲ ಎಂದು ನನಗೆ ಹೆದರಿಕೆಯಾಗಿತ್ತು.

ನನ್ನ ಜತೆ ಶಾಲೆಯಲ್ಲಿ ಪಾಠ ಮಾಡುವ ತಮಿಳು ಗೆಳತಿ ಹಕ್ಕಿಯ ಹುಚ್ಚಿನವಳು. ಅಪ್ಪಣೆ, ದೋಣಿ ಎಲ್ಲ ಅವಳದೇ ಏರ್ಪಾಡು. ನಸುಕಿಗೇ ಹೊರಡಬೇಕು, ದೋಣಿಯಿಂದ ಇಳಿಯಕೂಡದು, ಬಣ್ಣ ಬಣ್ಣದ ಬಟ್ಟೆ ಕೂಡದು. ಅಮ್ಮನ ಅರಿಶಿನ ಬಣ್ಣದ ಸೀರೆ ಕಪಾಟಿನಲ್ಲೇ ಉಳಿಯಿತು. ಕೊನೆಗೆ ಅವಳು ಫೋನಿನಲ್ಲಿ ಇನ್ನೊಂದು ಮಾತು ಹೇಳಿದಳು. "ಅಂಗೆ ಸಾಪ್ಪಾಡು ತೊರಕ್ಕವೇ ಕೂಡಾದು." ಅಲ್ಲಿ ಊಟದ ಡಬ್ಬಿ ತೆರೆಯಲೇಬಾರದು. ಅನ್ನದ ಆಸೆಗೆ ಕಾಗೆ ಬರುತ್ತದೆ, ಅನ್ನ ಮುಗಿದ ಮೇಲೆ ಮೊಟ್ಟೆ ಕಾಣುತ್ತದೆ. ಆ ದಿಬ್ಬದ ಮೇಲೆ ಹಕ್ಕಿ ಉಳಿದಿರುವುದೇ ಅಲ್ಲಿ ಕಾಗೆ ಇಲ್ಲದ್ದಕ್ಕೆ.

ಅತ್ತ ದರಿ, ಇತ್ತ ಪುಲಿ. ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು, "ದೋಣಿ ಹತ್ತು ಜಾಗ್ದಗೆ ಕಾಕಿ ಇಪ್ಪುದಲ್ದಾ? ಅಲ್ಲೇ ಇಡ್ತೆ" ಎಂದಳು. ನನಗೂ ಅದು ಭಾರಿ ಉಪಾಯ ಅನ್ನಿಸಿತು.

ಸಸ್ಯಾಹಾರಿ ಹೋಟೆಲಿನವರ ಬುದ್ಧಿ ನೋಡಿ, ಮೀನು ನೆನಪಾಗಲೇ ಇಲ್ಲ. ಅದು ಮೀನಿನ ದೋಣಿಗಳ ಕಟ್ಟೆ. ಹೊರಟ ದಿನ ಗೆಳತಿಯ ಜತೆ ನಾವು ಮುಟ್ಟಿದಾಗ ಬೆಳಕು ಹರಿಯುತ್ತಿತ್ತು, ಅಲ್ಲಿ ಮುಗಿಲು ಕಪ್ಪಾಗುವಷ್ಟು ಕಾಗೆ. ಅಮ್ಮ ಎಲೆಯ ಮೇಲೆ ಮೊಸರನ್ನ ಇಟ್ಟು "ಕಾ, ಕಾ" ಎಂದಳು. ಬುಟ್ಟಿ ಬುಟ್ಟಿ ಸೀಗಡಿ ಇಳಿಯುತ್ತಿರುವಾಗ ಮೊಸರನ್ನ ಯಾರಿಗೆ ಬೇಕು? ಒಂದು ಕಾಗೆಯೂ ತಿರುಗಿ ನೋಡಲಿಲ್ಲ. ದೋಣಿಯವನು ಹೊತ್ತಾಯಿತೆಂದು ಕೂಗಿದ. ಅಮ್ಮ ಆ ಎಲೆಯನ್ನೇ ಮಡಚಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಚೀಲದಲ್ಲಿಟ್ಟು, ಹಸಿದ ಹೊಟ್ಟೆಯಲ್ಲೇ ದೋಣಿ ಹತ್ತಿದಳು. ಒಂದು ಬಿಸ್ಕತ್ತಾದರೂ ತಿನ್ನು ಎಂದು ನಾನು ಗೋಗರೆದೆ. ಅವಳು ನೀರು ನೋಡುತ್ತ ಕೂತಳು. ಕರೆದುಕೊಂಡು ಬಂದದ್ದೇ ತಪ್ಪಾಯಿತೇನೋ ಎಂದು ನನಗೆ ಅಳುವೇ ಬಂತು.

ದೋಣಿ ಆಳವಿಲ್ಲದ ನೀರಿನಲ್ಲಿ ದೂರದಲ್ಲೇ ನಿಂತಿತು. ಎದುರಿಗೆ ಬರೀ ಮರಳು. ಇಷ್ಟೆಯೇ ಅನ್ನುವಷ್ಟರಲ್ಲಿ ಕಣ್ಣು ಹೊಂದಿಕೊಂಡಿತು, ಆಮೇಲೆ ಎಲ್ಲಿ ನೋಡಿದರೂ ಹಕ್ಕಿ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು, ಬಿಳಿ ಮೈ, ಕರಿ ನೆತ್ತಿ, ಹಳದಿ ಕೊಕ್ಕು. ಗೂಡಿಲ್ಲ, ಕಡ್ಡಿಯಿಲ್ಲ, ಮರಳಿನಲ್ಲಿ ಒಂದು ಕುಳಿ, ಅದರಲ್ಲಿ ಮರಳಿನದೇ ಬಣ್ಣದ ಮೊಟ್ಟೆ. ಬಿಸಿಲು ಏರುತ್ತಿತ್ತು. ಒಂದು ಹಕ್ಕಿ ಎದ್ದು ಹೋಗಿ ನೀರಿಗೆ ಹೊಟ್ಟೆ ತಾಗಿಸಿ, ಒದ್ದೆ ಹೊಟ್ಟೆಯಲ್ಲಿ ಬಂದು ಮೊಟ್ಟೆಯ ಮೇಲೆ ಕೂತಿತು. ಮತ್ತೊಂದು ರೆಕ್ಕೆ ಅರ್ಧ ಬಿಚ್ಚಿ ನಿಂತೇ ಇತ್ತು, ನೆರಳು ಮೊಟ್ಟೆಗೆ, ಬಿಸಿಲು ತನಗೆ. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಇಂಥ ಬಟ್ಟಬಯಲನ್ನು ನಂಬಿ ಮೊಟ್ಟೆಯಿಡುವ ಧೈರ್ಯ ಇವಕ್ಕೆ ಎಲ್ಲಿಂದ ಬಂತು? ಕ್ಯಾಮೆರಾ ಕೈಯಲ್ಲಿದ್ದದ್ದು ಬಹಳ ಹೊತ್ತು ನೆನಪೇ ಆಗಲಿಲ್ಲ.

ಅಮ್ಮ ಗೆಳತಿಯ ದುರ್ಬೀನು ಕಣ್ಣಿಂದ ತೆಗೆಯಲೇ ಇಲ್ಲ. "ಮದ್ರಾಸಿಗ್ ಬಂದ್ ಮೊದಲ್ನೇ ಬ್ಯಾಸ್ಗಿ, ಫ್ಯಾನ್ ಇಲ್ಲ" ಎಂದಳು ಮೆಲ್ಲಗೆ. "ಒದ್ದಿ ಸೆರ್ಗ್ ಹೊದ್ಸಿ ನಿನ್ನ ಮಲ್ಗಸ್ತಿದ್ದೆ."

ಆಗ ತಲೆಯ ಮೇಲೆ "ಕಾ" ಎಂದು ಕೇಳಿಸಿತು. ಕಟ್ಟೆಯಿಂದ ಒಂದು ಕಾಗೆ ನಮ್ಮ ದೋಣಿಯ ಬೆನ್ನು ಹಿಡಿದು ಬಂದಿರಬೇಕು. ಬಲೆ ಕಟ್ಟುವ ಗೂಟದ ಮೇಲೆ ಕೂತು ಕತ್ತು ಓರೆ ಮಾಡಿ ನೇರ ಅಮ್ಮನನ್ನೇ ನೋಡಿತು.

ಅಮ್ಮನ ಕೈ ಚೀಲದೊಳಗೆ ಹೋಯಿತು. ಕೈ ನಡುಗುತ್ತಿದ್ದುದು ನನಗೆ ಕಂಡಿತು. ಗೆಳತಿ ನನ್ನ ಮುಖ ನೋಡಿದಳು. ಬೇಡ ಅಮ್ಮ ಅನ್ನಲು ನನ್ನಿಂದಾಗಲಿಲ್ಲ. ಹಾಕು ಅನ್ನಲೂ ಆಗಲಿಲ್ಲ.

ಅಮ್ಮ ಒಮ್ಮೆ ದಿಬ್ಬವನ್ನು ನೋಡಿದಳು, ಒಮ್ಮೆ ಕಾಗೆಯನ್ನು. ಬರಿಗೈ ಹೊರಗೆ ತೆಗೆದು ಚೀಲದ ಮೇಲೆ ಸೆರಗು ಮುಚ್ಚಿದಳು.

"ಇಲ್ಲ್ ಬ್ಯಾಡ" ಎಂದಳು ಕಾಗೆಗೆ. "ಮನೀಗ್ ಬನ್ನಿ."

ಅಷ್ಟರಲ್ಲಿ ರೀವಗಳು ಚೀರುತ್ತ ಒಟ್ಟಾಗಿ ಎದ್ದು ಕಾಗೆಯ ಮೇಲೆ ಎರಗಿದವು. ಅದು ಕಟ್ಟೆಯ ದಿಕ್ಕಿಗೆ ಹಾರಿತು. ಅದು ಚುಕ್ಕೆಯಾಗುವ ತನಕ ಅಮ್ಮ ನೋಡುತ್ತಿದ್ದಳು. ಹಕ್ಕಿಗಳು ಮೊಟ್ಟೆಗೆ ಮರಳಿದ ಮೇಲೆ ದೋಣಿಯವನು ಸದ್ದಿಲ್ಲದೆ ಹಿಂದೆ ತಿರುಗಿಸಿದ.

ದಿಬ್ಬ ಕಣ್ಮರೆಯಾದ ಮೇಲೆ ಅಮ್ಮ ಡಬ್ಬಿ ತೆರೆದಳು. ಎಲೆಯ ಮಡಿಕೆಯನ್ನು ಒಂದು ಬದಿಗೆ ಸರಿಸಿ, ಉಳಿದ ಮೊಸರನ್ನವನ್ನು ತಾನೇ ತಿನ್ನತೊಡಗಿದಳು. ನಾನು ಬಿಟ್ಟ ಕಣ್ಣು ಬಿಟ್ಟ ಹಾಗೇ ಇದ್ದೆ.

"ಎಂತ ಕಾಣ್ತೆ?" ಎಂದಳು. "ಬಂದವ್ರ್ ಊಟ ಆಗ್ದೆ ನಿನ್ನ ಅಪ್ಪಯ್ಯ ಯಾವತ್ತ್ ಉಂಡದ್ದ್? ಇವತ್ತೂ ಕಾಯ್ತ್ರ್."

ಮಾಂಬಲಂ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಅಮ್ಮ ಚಪ್ಪಲಿಯನ್ನೂ ಬಿಡದೆ, ಆ ಎಲೆ ಹಿಡಿದು ಮಹಡಿ ಹತ್ತಿದಳು.