ಗೋಡೆ ಏಳುವ ಮುಂಚೆಯೇ ಮನೆಯೊಳಗೊಂದು ಸುತ್ತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋಡೆಯೇ ಇಲ್ಲದ ಮನೆಯೊಳಗೆ ಅತ್ತೆ ಸೊಸೆ ಆಗಲೇ ಡಿಕ್ಕಿ ಹೊಡೆದಿದ್ದಾರೆ. ಖಾಲಿ ನಿವೇಶನದ ಮಣ್ಣಿನ ಮೇಲೆ ಸುಣ್ಣದ ಪುಡಿಯ ಗೆರೆಗಳಿವೆ. ಅತ್ತೆ ಬಚ್ಚಲಿನ ಗೆರೆಯಿಂದ ಹೊರಬರುತ್ತಿದ್ದರು, ಸೊಸೆ ಒಲೆಯ ಗೆರೆಯಿಂದ ತಿರುಗುತ್ತಿದ್ದಳು. ಇಬ್ಬರ ಭುಜಕ್ಕೆ ಭುಜ ತಾಗಿತು. ಒಬ್ಬರನ್ನೊಬ್ಬರು ನೋಡಿಕೊಂಡು, ನಗಬೇಕೋ ಬೇಡವೋ ಎಂಬಂತೆ ನಿಂತಿದ್ದಾರೆ.

"ಇಟ್ಟಿಗೇನೇ ಬಂದಿಲ್ಲ, ಆಗ್ಲೇ ಶುರುವಾಯ್ತು ನೋಡಿ!" ಎನ್ನುತ್ತಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಚಪ್ಪಲಿಯಿಂದ ಬಚ್ಚಲಿನ ಬಾಗಿಲನ್ನು ಅಳಿಸುತ್ತಾರೆ. ಮೊಣಕಾಲೂರಿ ಕೂತು ಎರಡು ಮೊಳ ಆಚೆಗೆ ಹೊಸ ಬಾಗಿಲು ಬರೆಯುತ್ತಾರೆ. "ಹೂಂ, ಈಗ ಇನ್ನೊಂದ್ಸಲ. ಅಮ್ಮ, ನೀವು ಸ್ನಾನ ಮುಗಿಸ್ಕೊಂಡು ಬನ್ನಿ. ತಾಯಿ, ನೀನು ಅನ್ನ ಬಸಿ." ಇಬ್ಬರೂ ಮತ್ತೆ ನಡೆಯುತ್ತಾರೆ. ಈ ಬಾರಿ ಯಾರಿಗೂ ಯಾರೂ ತಾಗುವುದಿಲ್ಲ. ದೂರದಲ್ಲಿ ನಿಂತಿದ್ದ ಮನೆಯ ಯಜಮಾನರ ಮುಖದಲ್ಲಿ ನಿರಾಳ ಕಾಣುತ್ತದೆ.

ಇವರೇ ಗೆರೆಯಕ್ಕ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದನ್ನು ಈಗ ಬಳಸುವವರು ಇವರ ಗಂಡ ಮಾತ್ರ, ಅದೂ ಸಿಟ್ಟು ಬಂದಾಗ. ನಗರದಲ್ಲಿ ಮನೆ ಕಟ್ಟಬೇಕೆಂದರೆ ಮೊದಲು ಆನ್‌ಲೈನಿನಲ್ಲಿ ಪರವಾನಗಿಗೆ ಅರ್ಜಿ ಹಾಕಬೇಕು. ಆ ಅರ್ಜಿಗೆ ನಕ್ಷೆ ಬರೆದು, ಕಾಗದಪತ್ರ ಜೋಡಿಸಿ, ಪೋರ್ಟಲಿಗೆ ಏರಿಸಿ, ಅದು ಪಾಸಾಗುವ ತನಕ ಬೆನ್ನು ಬಿಡದೆ ಹಿಂಬಾಲಿಸುವುದು ಇವರ ಕೆಲಸ. ಸಹಿ ಇಂಜಿನಿಯರರದ್ದು, ಮನೆ ಮಾಲೀಕರದ್ದು. ಗೃಹಪ್ರವೇಶದ ದಿನ ಮೇಸ್ತ್ರಿಗೆ ಹಾರ ಹಾಕುತ್ತಾರೆ. ಗೆರೆಯಕ್ಕ ಆ ಹೊತ್ತಿಗೆ ಇನ್ಯಾರದೋ ಮನೆಯ ಬಚ್ಚಲು ಬರೆಯುತ್ತಿರುತ್ತಾರೆ.

ಅವರ ಕೆಲಸ ನೋಡಲು ಬಂದ ನನ್ನನ್ನೂ ಕರೆದುಕೊಂಡು, ನಿವೇಶನದಿಂದ ನೇರವಾಗಿ ತಮ್ಮ ಕೋಣೆಗೆ ಬಂದು ಬೀಗ ತೆಗೆಯುತ್ತಾರೆ. ನಗರ ಕಚೇರಿಯ ಎದುರಿನ ಬೀದಿಯಲ್ಲಿ, ಜೆರಾಕ್ಸ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡ ಕೋಣೆ. ಒಂದು ಕಂಪ್ಯೂಟರು, ಸುರುಳಿ ಸುತ್ತಿದ ಹಳೆಯ ನಕ್ಷೆಗಳ ಡ್ರಮ್ಮು, ಬಂದವರಿಗೆ ಮೂರು ಪ್ಲಾಸ್ಟಿಕ್ ಕುರ್ಚಿ. ಅದರಲ್ಲೊಂದಕ್ಕೆ ಕಾಲು ಸರಿಯಿಲ್ಲ, ಆತುರದವರಿಗೆ ಅದನ್ನೇ ಕೊಡುತ್ತಾರಂತೆ. ಇಷ್ಟು ಬೇಗ ಬರುವುದಕ್ಕೂ ಕಾರಣವಿದೆ. ಕಚೇರಿಗಳು ತೆರೆದವೆಂದರೆ ಪೋರ್ಟಲ್ ಕುಂಟಲು ಶುರು. ಪರದೆಯ ಮೇಲಿನ ಚಕ್ರ ತಿರುಗುತ್ತದೆ, ತಿರುಗುತ್ತದೆ, ಕೊನೆಗೆ ಎಲ್ಲವನ್ನೂ ನುಂಗಿ ಮೊದಲ ಪುಟ ತೋರಿಸುತ್ತದೆ. ಊರು ಏಳುವ ಮುಂಚೆ ಹಾಕಿದ ಅರ್ಜಿ ಸಲೀಸಾಗಿ ಒಳಗೆ ಹೋಗುತ್ತದೆ. "ಅದಕ್ಕೂ ಬೆಳಗ್ಗೆ ಮೂಡ್ ಚೆನ್ನಾಗಿರತ್ತೆ, ನಮ್ಮ ಮನೆಯವರ ಥರ," ಎಂದು ನಗುತ್ತಾರೆ ಗೆರೆಯಕ್ಕ. ಆ ಮನೆಯವರು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ಹೆಂಡತಿಗಿಂತ ಮುಂಚೆ ಎದ್ದು, ಅವರ ಫ್ಲಾಸ್ಕಿಗೆ ಕಾಫಿ ತುಂಬಿಟ್ಟು ಹೊರಡುತ್ತಾರೆ.

ಗೆರೆಯಕ್ಕ ಈ ಕಸುಬಿಗೆ ಬಂದಾಗ ಕಂಪ್ಯೂಟರ್ ಇರಲಿಲ್ಲ. ಇಂಜಿನಿಯರೊಬ್ಬರ ಕಚೇರಿಯಲ್ಲಿ ತೆಳು ಹಾಳೆಯ ಮೇಲೆ ಇಂಕಿನ ಪೆನ್ನಿನಿಂದ ನಕ್ಷೆ ನಕಲು ಮಾಡುವ ಹುಡುಗಿಯಾಗಿ ಸೇರಿದರು. ಬೆವರಿನ ಹನಿ ಬಿದ್ದರೆ ಇಡೀ ಹಾಳೆ ಹೋಯಿತು, ಹಾಗಾಗಿ ಬೇಸಿಗೆಯಲ್ಲಿ ಹಣೆಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದರು. ಕಂಪ್ಯೂಟರ್ ಬಂದಾಗ ಜೊತೆಯವರೆಲ್ಲ ಬೇರೆ ದಾರಿ ಹಿಡಿದರು. ಇವರು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಟೈಪಿಸ್ಟ್ ಪಕ್ಕ ಕೂತು ಮೌಸ್ ಹಿಡಿಯುವುದನ್ನು ಕಲಿತರು. ಆಮೇಲೆ ಅರ್ಜಿಯೂ ಆನ್‌ಲೈನ್ ಆಯಿತು. "ಮುಂಚೆ ಗುಮಾಸ್ತರು ಬೈದ್ರೂ ಏನು ತಪ್ಪು ಅಂತ ಹೇಳೋರು. ಇದು ಬೈಯೋದೂ ಇಲ್ಲ, ಹೇಳೋದೂ ಇಲ್ಲ," ಎನ್ನುತ್ತಾರೆ.

ನಕ್ಷೆಯನ್ನು ಮೊದಲು ಓದುವುದು ಯಂತ್ರ. ನಿವೇಶನದ ಗಡಿಗೆ ಒಂದು ಬಣ್ಣ, ಕಟ್ಟಡಕ್ಕೆ ಒಂದು, ಸುತ್ತ ಬಿಡಬೇಕಾದ ಖಾಲಿ ಜಾಗಕ್ಕೆ ಇನ್ನೊಂದು. ಗಡಿಯ ಗೆರೆಗಳು ಮೂಲೆಯಲ್ಲಿ ಕೂದಲೆಳೆಯಷ್ಟು ಕೂಡದೆ ಹೋದರೂ ಅದಕ್ಕೆ ಅರ್ಥವಾಗುವುದಿಲ್ಲ. ಒಮ್ಮೆ ಕ್ಷೌರಿಕರೊಬ್ಬರು ತಮ್ಮ ಸ್ವಂತ ನಿವೇಶನದಲ್ಲೇ ನಿಂತಿದ್ದಾಗ ಮೊಬೈಲಿಗೆ 'ನಿವೇಶನ ಕಂಡುಬಂದಿಲ್ಲ' ಎಂಬ ಸಂದೇಶ ಬಂತಂತೆ. ಪಾಪ, ಆತ ಕಾಲ ಕೆಳಗಿನ ನೆಲವನ್ನೇ ಒಮ್ಮೆ ಒದ್ದು ನೋಡಿದರಂತೆ. ದಿನಕ್ಕೆ ಏಳೆಂಟು ಮಂದಿ ಹೀಗೆ ತಲೆ ಚಿಟ್ಟು ಹಿಡಿದವರು ಈ ಕೋಣೆಗೆ ಬರುತ್ತಾರೆ. ಗೆರೆಯಕ್ಕ ಮೊದಲು ನೀರು ಕೊಟ್ಟು, ಆಮೇಲೆ ಕಡತ ಬಿಚ್ಚುತ್ತಾರೆ.

ಸುಣ್ಣದ ಪುಡಿಯ ಈ ನಡಿಗೆ ಮಾತ್ರ ಪೋರ್ಟಲ್ ಕೇಳುವುದಲ್ಲ, ಇಂಜಿನಿಯರ್ ಹೇಳಿದ್ದಲ್ಲ. ಇವರೇ ಮಾಡಿಕೊಂಡ ಪದ್ಧತಿ. ಅರ್ಜಿ ಹಾಕುವ ಮುಂಚೆ ಆ ಮನೆಯಲ್ಲಿ ಬದುಕುವವರೆಲ್ಲ ಗೆರೆಯೊಳಗೆ ಒಂದು ದಿನವನ್ನು ನಟಿಸಿ ತೋರಿಸಬೇಕು. ಏಳಬೇಕು, ಸ್ನಾನಕ್ಕೆ ಹೋಗಬೇಕು, ಬಟ್ಟೆ ಒಣಹಾಕಬೇಕು, ಮುನಿಸಿಕೊಂಡು ಒಂದು ಕಡೆ ಹೋಗಿ ಕೂರಬೇಕು. "ಮುನಿಸಿಗೂ ಜಾಗ ಬೇಕಲ್ಲ," ಎನ್ನುತ್ತಾರೆ. ಪರವಾನಗಿ ಒಮ್ಮೆ ಬಂದ ಮೇಲೆ ಬಾಗಿಲನ್ನು ಇತ್ತಿಂದತ್ತ ಸರಿಸಬೇಕೆಂದರೂ ಮತ್ತೆ ಅರ್ಜಿ, ಮತ್ತೆ ಸರದಿ. ಸುಣ್ಣವನ್ನಾದರೆ ಚಪ್ಪಲಿಯಲ್ಲಿ ಅಳಿಸಬಹುದು.

ಈ ಪದ್ಧತಿಯನ್ನು ಒಂದೇ ಒಂದು ಸಲ ಸಡಿಲ ಬಿಟ್ಟರು. ಅದರ ಸುದ್ದಿ ಕೇಳಿದರೆ ಗೆರೆಯಕ್ಕನ ನಗು ನಿಲ್ಲುತ್ತದೆ.

ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದ ಒಬ್ಬರು. ಅವರ ಹೆಂಡತಿ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದವರು, ಬೀದಿಯವರಿಗೆಲ್ಲ ತರಕಾರಿಯಮ್ಮ. ಎರಡು ವರ್ಷದ ಹಿಂದೆ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಕಾಲು ಸ್ವಾಧೀನ ತಪ್ಪಿತು. ಅಂದಿನಿಂದ ಗಾಲಿಕುರ್ಚಿ. ಇರುವುದು ಮಹಡಿಯ ಮೇಲಿನ ಬಾಡಿಗೆ ಮನೆ. ಕೆಳಗಿಳಿಯಬೇಕಾದರೆ ಡ್ರೈವರಣ್ಣನ ಜೊತೆ ಇನ್ನೊಬ್ಬರು ಕುರ್ಚಿ ಹೊರಬೇಕು, ಹಾಗಾಗಿ ಆಸ್ಪತ್ರೆಗೆ ಬಿಟ್ಟರೆ ಇಳಿಯುವುದೇ ಇಲ್ಲ. ಇಬ್ಬರೂ ಸೇರಿ ಹಿಂದೆಂದೋ ಕೊಂಡಿದ್ದ ಪುಟ್ಟ ನಿವೇಶನದಲ್ಲಿ ನೆಲಮಟ್ಟದ ಮನೆ ಕಟ್ಟಿಸುವುದೆಂದು ನಿಶ್ಚಯವಾಯಿತು.

ನಡಿಗೆಯ ದಿನ ಡ್ರೈವರಣ್ಣ ಒಬ್ಬರೇ ಬಂದರು. "ಅವಳನ್ನ ಇಳಿಸೋದು ರಗಳೆ ಅಕ್ಕಾವ್ರೇ. ನಾನು ನಡೆದ್ರೂ ಅವಳು ನಡೆದ ಹಾಗೇನೇ," ಎಂದರು. ಮುಂಗೈ ಮುಂದೆ ಚಾಚಿ, ಇಲ್ಲದ ಕುರ್ಚಿಯೊಂದನ್ನು ತಳ್ಳುತ್ತಾ ಗೆರೆಯೊಳಗೆಲ್ಲ ಓಡಾಡಿದರು. ಬಚ್ಚಲಿಗೆ ತಳ್ಳಿದರು, ಒಲೆಯ ಮುಂದೆ ನಿಲ್ಲಿಸಿದರು, ಹೆಂಡತಿಗೆ ಇಷ್ಟವೆಂದು ಕಿಟಕಿಯ ಪಕ್ಕ ತಿರುಗಿಸಿದರು. ಇಷ್ಟೊಂದು ಅಕ್ಕರೆಯನ್ನು ಕಂಡು ಗೆರೆಯಕ್ಕನ ಕಣ್ಣು ತುಂಬಿ ಬಂತು. ಪ್ರತಿ ಬಾಗಿಲನ್ನೂ ಕುರ್ಚಿಗೆ ತಕ್ಕಂತೆ ಅಗಲ ಮಾಡಿದರು. ಮುಂಬಾಗಿಲಿಗೆ ಜಗಲಿ, ಜಗಲಿಗೆ ಮೂರು ಮೆಟ್ಟಿಲು. ನಿವೃತ್ತಿಯ ಮೇಲೆ ಜಗಲಿಯಲ್ಲಿ ಕೂತು ಬೀದಿ ನೋಡಬೇಕೆನ್ನುವುದು ಡ್ರೈವರಣ್ಣನ ಬಹುದಿನದ ಆಸೆ. ಮೆಟ್ಟಿಲ ಬಳಿ ಅವರು ಇಲ್ಲದ ಕುರ್ಚಿಯನ್ನು ಎತ್ತಿ ಇಳಿಸಿದ್ದನ್ನೂ ಗೆರೆಯಕ್ಕ ನೋಡಿದರು. ಏನೂ ಅನ್ನಿಸಲಿಲ್ಲ. ಅರ್ಜಿ ಮೊದಲ ಸಲಕ್ಕೇ ಪಾಸಾಯಿತು.

ಪಾಯ ತೆಗೆಯಲು ಗುರುತು ಹಾಕುವ ಬೆಳಗ್ಗೆ ತರಕಾರಿಯಮ್ಮನನ್ನೂ ಕರೆತಂದಿದ್ದರು. ಆಕೆ ಗಂಡನ ಕೈಯನ್ನು ಹಿಡಿಕೆಯಿಂದ ಸರಿಸಿ, ತಾವೇ ಗಾಲಿ ತಿರುಗಿಸುತ್ತಾ ಕೋಣೆ ಕೋಣೆ ನೋಡಿದರು. ಮುಂಬಾಗಿಲಿಗೆ ಬಂದು ಮೂರು ಗೆರೆಗಳ ಮುಂದೆ ಕುರ್ಚಿ ನಿಲ್ಲಿಸಿದರು.

"ಇದೇನ್ರೀ ಇದು?"

"ಮೆಟ್ಟಿಲು ಕಣೇ."

"ಇಲ್ಲಿ ನಾನೇನು ಮಾಡ್ಬೇಕು?"

"ನನ್ನ ಕರಿ. ನಾನಿರ್ತೀನಲ್ಲ."

"ನೀವು ಮಲಗಿದ್ರೆ?"

"ಎಬ್ಬಿಸು."

"ನೀವು ಎಲ್ಲೋ ಹೋಗಿದ್ರೆ?"

"ಬರೋವರೆಗೂ ಒಂಚೂರು ಕಾಯಿ. ಅದಕ್ಕೇನೀಗ?"

 ತರಕಾರಿಯಮ್ಮ ಗಂಡನತ್ತಲ್ಲ, ಗೆರೆಯಕ್ಕನತ್ತ ತಿರುಗಿದರು. "ಅಕ್ಕ, ನಾನು ಜೀವಮಾನವಿಡೀ ಗಾಡಿ ತಳ್ಳಿದೋಳು. ಯಾವ ಬೀದಿಗೆ ಹೋಗ್ಬೇಕು ಅಂತ ಯಾರನ್ನೂ ಕೇಳಿದೋಳಲ್ಲ. ಈ ಮನೇಲಿ ನಾನು ಹೊರಗೆ ಹೋಗೋ ಬಾಗಿಲು ಯಾವ್ದು?"

"ಎದೆ ಧಸಕ್ಕಂತು," ಎಂದು ನೆನಪಿಸಿಕೊಳ್ಳುತ್ತಾರೆ ಗೆರೆಯಕ್ಕ. "ಅವರ ಕುರ್ಚಿಯ ಅಳತೆ ತಗೊಂಡಿದ್ದೆ. ಅವರನ್ನ ಒಂದು ಮಾತು ಕೇಳಿರ್ಲಿಲ್ಲ. ಯಂತ್ರಕ್ಕೆ ಗೊತ್ತಾಗ್ಲಿಲ್ಲ ಸರಿ, ನನಗೇನಾಗಿತ್ತು ಧಾಡಿ?"

ಅಕ್ಕಪಕ್ಕದವರು ಸುಲಭದ ದಾರಿ ಹೇಳಿದರು. ನಕ್ಷೆಯಲ್ಲಿರುವಂತೆ ಕಟ್ಟಿ, ಆಮೇಲೆ ಮೆಟ್ಟಿಲ ಮೇಲೆ ಇಳಿಜಾರು ಹಾಕಿಸಿಕೊಳ್ಳಿ, ಯಾರು ಬಂದು ನೋಡುತ್ತಾರೆ? ಗೆರೆಯಕ್ಕ ಒಪ್ಪಲಿಲ್ಲ. ಇಳಿಜಾರು ಬಿಡಬೇಕಾದ ಖಾಲಿ ಜಾಗಕ್ಕೆ ಚಾಚುತ್ತದೆ. ಯಾರಾದರೂ ದೂರು ಕೊಟ್ಟರೆ ಒಡೆದು ಹಾಕುತ್ತಾರೆ, ತರಕಾರಿಯಮ್ಮ ಮತ್ತೆ ಒಳಗೇ. ಉಳಿದದ್ದು ಒಂದೇ ದಾರಿ. ಕೈಗೆ ಬಂದಿದ್ದ ಪರವಾನಗಿಯನ್ನು ಹಿಂದಿರುಗಿಸಿ, ಸರದಿಯ ಕೊನೆಗೆ ಹೋಗಿ ನಿಲ್ಲುವುದು. ಅಂದರೆ ಇನ್ನೂ ಎಷ್ಟೋ ತಿಂಗಳು ಆ ಮಹಡಿಯ ಮೇಲೆ.

ಡ್ರೈವರಣ್ಣ ಮುಖ ಗಂಟು ಹಾಕಿಕೊಂಡು, "ನಾನು ಇವಳನ್ನ ಸರಿಯಾಗಿ ನೋಡ್ಕೊಳ್ಳಲ್ಲ ಅಂತಾನಾ?" ಎಂದು ಕೇಳಿದರು. ತೀರ್ಮಾನ ಮಾಡಿದ್ದು ಹೆಂಡತಿ. "ಇನ್ನೊಂದಷ್ಟು ತಿಂಗಳು ಬೇಕಾದ್ರೆ ಹೊತ್ಕೊಂಡು ಓಡಾಡಿಸಿ. ಸಾಯೋವರೆಗೂ ಬೇಡ." ಅರ್ಜಿಗೆ ತಮ್ಮದೇ ಫೋನ್ ನಂಬರು ಕೊಡಿಸಿದರು. ಪೋರ್ಟಲಿನಿಂದ ಒಟಿಪಿ ಬಂದರೆ ಓದಿ ಹೇಳುವವರೂ ಅವರೇ. ಮೊದಲ ಸಲ ಕನ್ನಡಕ ಹುಡುಕುವಷ್ಟರಲ್ಲಿ ಒಟಿಪಿಯ ಗಡುವು ಮುಗಿದೇಹೋಯಿತು. ಮರುದಿನದಿಂದ ಬೆಳಗ್ಗೆ ಎದ್ದ ಕೂಡಲೇ ಕನ್ನಡಕ ಏರಿಸಿಕೊಂಡು ಫೋನ್ ಹಿಡಿದು ಕೂರತೊಡಗಿದರಂತೆ.

ಹೊಸ ಅರ್ಜಿ ತಿರಸ್ಕಾರವಾಯಿತು. ಇಳಿಜಾರು ಮುಂದಿನ ಖಾಲಿ ಜಾಗವನ್ನು ತಿನ್ನುತ್ತಿತ್ತು. ಗೆರೆಯಕ್ಕ ನೆಲವನ್ನು ಒಂದು ಮೆಟ್ಟಿಲಿನಷ್ಟು ತಗ್ಗಿಸಿ ನೋಡಿದರು, ಆಗಲೂ ಸಾಲಲಿಲ್ಲ. ಇಳಿಜಾರು ಪೂರ್ತಿ ಕಟ್ಟಡದ ಗೆರೆಯೊಳಗೇ ಬರಬೇಕು, ಅದಕ್ಕಿರುವ ಜಾಗ ಜಗಲಿ ಮಾತ್ರ. ಅದನ್ನು ಡ್ರೈವರಣ್ಣನಿಗೆ ಹೇಳಲು ಬಾಯಿ ಬರದೆ ಮೀನಮೇಷ ಎಣಿಸುತ್ತಾ ಕೂತಿದ್ದರು. ಒಂದು ಬೆಳಗ್ಗೆ ನಿವೇಶನಕ್ಕೆ ಹೋದರೆ, ಜಾಗ ಎಲ್ಲಿಂದ ಬರಬೇಕೆಂದು ತಾವೇ ಲೆಕ್ಕ ಹಾಕಿದ್ದ ಡ್ರೈವರಣ್ಣ ಆಗಲೇ ಅಲ್ಲಿದ್ದರು. ಜಗಲಿಯ ಗೆರೆಯನ್ನು ಕಾಲಿನಿಂದ ಅಳಿಸುತ್ತಿದ್ದರು.

"ಜಗಲಿ ಮೇಲೆ ಕೂತು ನಾನೇನು ಮಾಡ್ತಿದ್ದೆ ಹೇಳಿ? ಬೀದೀಲಿ ಹೋಗೋರ್ನ ನೋಡ್ತಿದ್ದೆ. ಇವಳು ಹೋಗೋದನ್ನ ಕಿಟಕಿಯಿಂದಾನೂ ನೋಡ್ಬಹುದು ಬಿಡಿ," ಎಂದರಂತೆ.  

ಜಗಲಿಯಿಲ್ಲದ ನಕ್ಷೆ ಹೋದ ತಿಂಗಳು ಪಾಸಾಗಿದೆ. ಪಾಯ ಮುಗಿದು ಗೋಡೆ ಏಳುತ್ತಿದೆ. ಪರವಾನಗಿಯ ಒಂದು ಪ್ರತಿಯನ್ನು ಮುದ್ರಿಸಿಟ್ಟು ಕೊಂಡೊಯ್ಯಲು ಹೇಳಿದಾಗ ತರಕಾರಿಯಮ್ಮ ಫೋನಿನಲ್ಲೇ ಗದರಿದರಂತೆ. "ಯಾರ ಕೈಲೂ ಕೊಡ್ಬೇಡ ಅಕ್ಕ. ಮನೆ ಆಗ್ಲಿ. ನಾನೇ ಆ ಬಾಗಿಲಿಂದ ಹೊರಟು, ಒಬ್ಬಳೇ ನಿನ್ನ ಆಫೀಸಿಗೆ ಬಂದು ಇಸ್ಕೋತೀನಿ."

ಆ ಪ್ರತಿ ಈಗ ಕಂಪ್ಯೂಟರಿನ ಪಕ್ಕ, ಪಾರದರ್ಶಕ ಚೀಲದಲ್ಲಿ ಕಾದಿದೆ. ನೋಡುವುದು ನೋಡಿಯಾಯಿತೆಂದು ನಾನು ಹೊರಡಲು ಏಳುತ್ತೇನೆ. ಬಾಗಿಲು ದಾಟುವಾಗ ಕಾಲು ತಪ್ಪಿ ಮುಗ್ಗರಿಸುತ್ತೇನೆ. ಕೋಣೆಗೂ ಬೀದಿಗೂ ನಡುವೆ ಎರಡು ಕಡಿದಾದ ಕಲ್ಲಿನ ಮೆಟ್ಟಿಲು.

"ತರಕಾರಿಯಮ್ಮ ಹಾಗಂದು ಫೋನ್ ಇಟ್ಟ ಮೇಲೇನೇ ನಾನೂ ಈ ಮೆಟ್ಟಿಲು ನೋಡಿದ್ದು," ಎನ್ನುತ್ತಾರೆ ಗೆರೆಯಕ್ಕ. "ಇಷ್ಟು ವರ್ಷ ದಿನಾ ಹತ್ತಿ ಇಳಿದಿದ್ದೀನಿ. ಊರಿಗೆಲ್ಲ ಬಾಗಿಲು ಬರ್ಕೊಟ್ಟೋಳು!"

ಒಂದು ಚೀಲ ಸಿಮೆಂಟು ತರಿಸಿ ಇಳಿಜಾರು ಹಾಕಿಸಬಾರದೇ ಎಂದು ಕೇಳುತ್ತೇನೆ.

"ಫುಟ್‌ಪಾತಿಗೆ ತಾಗತ್ತಲ್ಲ, ಪರವಾನಗಿ ಬೇಕು. ಹಾಕಿದ್ದೆ. ನಿನ್ನೆ ತಿರಸ್ಕಾರ ಆಯ್ತು." ಆಗಲೇ ಕಂಪ್ಯೂಟರಿನತ್ತ ತಿರುಗಿ ಕನ್ನಡಕ ಸರಿಪಡಿಸಿಕೊಂಡಿದ್ದಾರೆ. "ಮತ್ತೆ ಹಾಕ್ತೀನಿ. ಅವರ ಮನೆಗೆ ಬಾಗಿಲು ಕೂರಿಸೋದರೊಳಗೆ ಇದೊಂದು ಪಾಸಾದ್ರೆ ಸಾಕು, ನನಗಿನ್ನೇನೂ ಬೇಡ."