ಏನೂ ಮಾಡದೆ ಯಾರು ಹಿಡೀತಾರೆ

ಚಿಂತಾಮಣಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದೆ. ಗಣಿತದ ಮೇಡಂ ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದು, "ಇವ್ರು ನಿಮ್ ತಮ್ಮ ಅಲ್ವಾ ಮೇಡಂ?" ಎಂದು ಕೇಳಿದರು. ಪರದೆಯ ತುಂಬ ಟಿವಿಯಲ್ಲಿ ದಿನವೂ ಕಾಣುವ ವರದಿಗಾರ್ತಿಯೊಬ್ಬರ ಮುಖ. ಅವರ ಹೆಗಲ ಹಿಂದೆ, ಅರ್ಧ ಕತ್ತರಿಸಿಹೋದಂತೆ ನನ್ನ ತಮ್ಮ. ಹೊರದೇಶದಲ್ಲಿ ಇಬ್ಬರನ್ನೂ ಬಂಧಿಸಿದ್ದಾರೆ, ಚಿತ್ರ ತೆಗೆಯಬಾರದ ಜಾಗದಲ್ಲಿ ಚಿತ್ರ ತೆಗೆದರೆಂಬ ಆರೋಪ ಎಂದು ಕೆಳಗೆ ಬರೆದಿತ್ತು. ವರದಿಗಾರ್ತಿಯ ಹೆಸರಿತ್ತು. ತಮ್ಮನದು 'ಮತ್ತು ಅವರ ಸಹಾಯಕ' ಎಂದಷ್ಟೇ.

ಅವನು ಸಹಾಯಕನಲ್ಲ, ಕ್ಯಾಮೆರಾಮನ್. ಕ್ಯಾಮೆರಾದ ಹಿಂದೆ ನಿಂತು ಬೇರೆಯವರನ್ನು ತೋರಿಸುವವನ ಮುಖದ ಚಿತ್ರ ಯಾವ ಟಿವಿಯವರ ಬಳಿಯೂ ಇರಲಿಲ್ಲ. ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದು ಅವನೇ ಹೇಳಿದ್ದಾನೆ. ನಮ್ಮ ದೇಶಕ್ಕೂ ಅದಕ್ಕೂ ಆಗಿಬರುವುದಿಲ್ಲ ಎಂದರೆ ಸಾಕು.

ರಜೆ ಹಾಕಿ ನಮ್ಮೂರು ದಿಬ್ಬೂರಹಳ್ಳಿಗೆ ಹೋದೆ. ಅಮ್ಮ ಹುಳುಮನೆಯಲ್ಲಿದ್ದಳು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದ ರೇಷ್ಮೆ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತಿತ್ತು. ವಿಷಯ ಅವಳಿಗೆ ಆಗಲೇ ಗೊತ್ತಾಗಿತ್ತು. ಸೊಪ್ಪು ಹರಡುವ ಕೈ ನಿಲ್ಲಿಸದೆ, "ಅಲ್ಲಿ ಹೊಡೀತಾರೇನಮ್ಮ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. "ಇಲ್ಲಮ್ಮ, ಪತ್ರಕರ್ತರಿಗೆ ಹೊಡಿಯಲ್ಲ" ಎಂದೆ. ನಂಬಿದಳೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಸಂಜೆ ಊರಿನವರು ಬಂದು ಜಗುಲಿಯ ಮೇಲೆ ಕೂತರು. ಮೊದಲ ದಿನ ಎಲ್ಲರ ಮಾತೂ ಮೃದುವಾಗಿತ್ತು. ಎರಡನೇ ದಿನದಿಂದ ಪ್ರಶ್ನೆಗಳು ಬೇರೆಯಾದವು. ಅವನಿಗೆ ಪಾಸ್‌ಪೋರ್ಟ್ ಮಾಡಿಸಿಕೊಟ್ಟವರು ಯಾರು? ಇಷ್ಟು ಜನ ಕ್ಯಾಮೆರಾದವರಿರುವಾಗ ಅವನನ್ನೇ ಯಾಕೆ ಕರೆದುಕೊಂಡು ಹೋದರು? ಹಾಲಿನ ಡೇರಿಯ ಕಾರ್ಯದರ್ಶಿ ನನ್ನ ಅಪ್ಪನ ಕಾಲದಿಂದ ನಮ್ಮನೆಗೆ ಬಂದು ಹೋಗುವವರು. ಅವರೂ ದನಿ ತಗ್ಗಿಸಿ, "ಅಲ್ಲ ಕಣಮ್ಮ, ಅವನು ಬರೀ ಟಿವಿ ಕೆಲ್ಸಾನೇ ಮಾಡ್ತಿದ್ದಿದ್ದು ಅಂತ ನಿಂಗೆ ಗ್ಯಾರಂಟಿ ಗೊತ್ತಾ?" ಎಂದರು.

ಒಂದು ವಾರದೊಳಗೆ ಬೈಕಿನಲ್ಲಿ ಇಬ್ಬರು ಗಂಡಸರು ಬಂದರು. ಪತ್ರಿಕೆಯವರು ಎಂದರು, ಯಾವ ಪತ್ರಿಕೆ ಎಂದರೆ ನಕ್ಕರು. "ಎವರು ನಾಯನಾ ಮೀರು?" ಎಂದು ಅಮ್ಮ ತೆಲುಗಿನಲ್ಲಿ ಅವರು ಯಾರೆಂದು ಕೇಳಿದ್ದಕ್ಕೂ ನಕ್ಕರು. ತಮ್ಮನ ಬಾಲ್ಯದ ಫೋಟೋ ಬೇಕು ಎಂದರು. ಅವನ ಸ್ನೇಹಿತರು ಯಾರು, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂದು ಕೇಳುತ್ತಾ ಹೋದರು. ನಡುಮನೆಯ ಗೋಡೆಯಲ್ಲಿದ್ದ ಬುದ್ಧನ ಪಟವನ್ನು ಒಬ್ಬ ಬಹಳ ಹೊತ್ತು ನೋಡಿದ.

"ಇದನ್ನ ಯಾರು ಕೊಟ್ಟಿದ್ದು?"

"ನಮ್ಮಪ್ಪ ತಂದಿದ್ದು. ಯಾಕೆ?"

"ಹೊರಗಡೆ ದೇಶದಿಂದ ಏನಾದ್ರೂ ಬಂದಿರತ್ತಾ ಅಂತ."

"ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡ್ ಹತ್ರ ತಗೊಂಡಿದ್ದು ಸಾರ್" ಎಂದೆ.

ಹುಳುಮನೆಯೊಳಗೂ ಹೋಗಿ ನೋಡಬೇಕೆಂದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಹೊರಗಿನವರು ಕಾಲಿಟ್ಟರೆ ಹುಳುವಿಗೆ ರೋಗ ತಗಲುತ್ತದೆ, ನಮ್ಮ ಕಡೆ ಯಾರೂ ಬಿಡುವುದಿಲ್ಲ. ಅವರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಬಂದುಹೋದ ಮೂರನೇ ದಿನ ವಾಟ್ಸಾಪಿನಲ್ಲಿ ನಮ್ಮ ಮನೆಯ ವಿಡಿಯೋ ಓಡಾಡಿತು. ಮುಚ್ಚಿದ ಹುಳುಮನೆಯ ಬಾಗಿಲನ್ನು ತೋರಿಸಿ, 'ಈ ಕೋಣೆಯೊಳಗೆ ಏನಿದೆ? ಮನೆಯವರು ಯಾಕೆ ಹೆದರುತ್ತಾರೆ?' ಎಂದು ಬರೆದಿದ್ದರು. ಅಮ್ಮ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಲು ಹೋದಾಗ, ಗೂಡು ಕೊಂಡು ನೂಲು ತೆಗೆಯುವ, ವರ್ಷಗಳಿಂದ ಪರಿಚಯವಿದ್ದ ರೀಲರೊಬ್ಬ ತಮಾಷೆಗೆಂಬಂತೆ, "ಈ ಗೂಡಲ್ಲಿ ಏನೂ ಬಚ್ಚಿಟ್ಟಿಲ್ಲ ತಾನೇ ಅಮ್ಮಾ?" ಎಂದನಂತೆ. ಸುತ್ತಲಿದ್ದವರು ನಕ್ಕರಂತೆ. ಅಮ್ಮ ಅದನ್ನು ನನಗೆ ಹೇಳಿದ್ದು ಬಹಳ ದಿನಗಳಾದ ಮೇಲೆ.

ದೊಡ್ಡ ಊರುಗಳಲ್ಲಿ ಮೊಂಬತ್ತಿ ಹಚ್ಚಿ ಮೆರವಣಿಗೆ ನಡೆಯುತ್ತಿತ್ತು. ಚಿಕ್ಕಬಳ್ಳಾಪುರದಲ್ಲೂ ಒಂದು ಸಭೆ ಇಟ್ಟುಕೊಂಡು ನನ್ನನ್ನು ಕರೆದರು. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ವರದಿಗಾರ್ತಿಯ ಚಿತ್ರ ಮಾತ್ರ ಇತ್ತು. ಕೇಳಿದ್ದಕ್ಕೆ ಸಂಘಟಕರು, "ನಿಮ್ ತಮ್ಮಂದು ಕ್ಲಿಯರ್ ಫೋಟೋ ಸಿಗ್ಲಿಲ್ಲ ಮೇಡಂ, ಬೇಜಾರ್ ಮಾಡ್ಕೋಬೇಡಿ" ಎಂದರು. ನಾನು ಕೊಟ್ಟಿದ್ದ ಫೋಟೋ ಅವರ ಫೋನಿನಲ್ಲೇ ಇತ್ತು. ಭಾಷಣ ಮಾಡಿದವರಲ್ಲಿ ಹೆಚ್ಚಿನವರು ಆ ದೇಶಕ್ಕೆ ಪಾಠ ಕಲಿಸಬೇಕು, ಬಾಂಬು ಹಾಕಬೇಕು ಎಂದರು. ಹಾಕಿದರೆ ಅದು ತಮ್ಮನ ಮೇಲೂ ಬೀಳುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಇವರಿಗೆ ಬೇಕಾಗಿರುವುದು ಅವನ ಬಿಡುಗಡೆಯೋ ಬೇರೆ ಏನಾದರೂ ಇದೆಯೋ ಎಂದು ಅವತ್ತು ಅನುಮಾನ ಬಂತು. ಆಮೇಲೆ ಯಾವ ಸಭೆಗೂ ಹೋಗಲಿಲ್ಲ.

ತಮ್ಮನ ಹೆಂಡತಿ ಆ ಸಭೆಗೆ ಬಂದಿರಲೇ ಇಲ್ಲ. ಗೌರಿಬಿದನೂರಿನ ತವರುಮನೆಯಲ್ಲಿದ್ದಳು. ಮೊದಲೆರಡು ದಿನ ಫೋನಿನಲ್ಲಿ ಅತ್ತಳು. ಆಮೇಲೆ ಫೋನ್ ಎತ್ತುವುದನ್ನೇ ಕಡಿಮೆ ಮಾಡಿದಳು. ನಾನೇ ಬಸ್ಸು ಹಿಡಿದು ಹೋದೆ. ಕಾಫಿ ಕೊಟ್ಟು ಎದುರಿಗೆ ಕೂತವಳು, ಫೋನ್ ರಿಂಗಾದ ಕೂಡಲೇ ಎದ್ದು ತಾರಸಿಗೆ ಹೋದಳು. ಬಹಳ ಹೊತ್ತಾದ ಮೇಲೆ ಇಳಿದು ಬಂದಳು. ಮುಖ ತೊಳೆದಿದ್ದಳು.

"ಯಾರಮ್ಮ ಫೋನು?"

"ಯಾರೋ ಪರಿಚಯದವ್ರು ಅಕ್ಕ."

"ಅವನ ವಿಷಯ ಏನಾದ್ರೂ ಗೊತ್ತಾಯ್ತಾ?"

"ನಂಗೇನ್ ಗೊತ್ತಾಗತ್ತೆ ಅಕ್ಕ? ಟಿವಿಲಿ ನೀವ್ ನೋಡಿದ್ದೇ ನಾನೂ ನೋಡ್ತೀನಿ."

ಅವಳು ಸುಳ್ಳು ಹೇಳುತ್ತಿದ್ದಾಳೆಂದು ನನಗೆ ಖಾತ್ರಿಯಾಯಿತು. ಯಾಕೆ ಎಂಬುದು ತಿಳಿಯಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಏನೇನೋ ಯೋಚನೆ ಬಂತು. ಅವನನ್ನು ಬಿಟ್ಟುಬಿಡಲು ನೋಡುತ್ತಿದ್ದಾಳೆಯೇ? ಅವನು ನಿಜವಾಗಿಯೂ ಏನೋ ಮಾಡಿದ್ದು, ಅದು ಇವಳಿಗೆ ಗೊತ್ತೇ? ಎರಡನೆಯ ಯೋಚನೆ ಬಂದಾಗ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಊರಿನವರು ಕೇಳಿದ್ದನ್ನೇ ಈಗ ನಾನೂ ಕೇಳಿಕೊಳ್ಳುತ್ತಿದ್ದೆ.

ಆ ಹೊತ್ತಿಗೇ ಅಲ್ಲಿನ ಸರ್ಕಾರ ಒಂದು ವಿಡಿಯೋ ಬಿಟ್ಟಿತು. ಬಿಳಿ ಗೋಡೆಯ ಮುಂದೆ ತಮ್ಮ ಕೂತಿದ್ದ. ಕ್ಯಾಮೆರಾದ ಎದುರಿಗೆ ಅವನನ್ನು ಅಷ್ಟು ಹೊತ್ತು ನಾನು ನೋಡಿದ್ದು ಅದೇ ಮೊದಲು. ಇಂಗ್ಲಿಷಿನಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡ, ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದ. ಪ್ರತಿ ವಾಕ್ಯಕ್ಕೂ ಮೊದಲು ಅವನ ಕಣ್ಣು ಪಕ್ಕಕ್ಕೆ ಹೋಗಿ ಬರುತ್ತಿತ್ತು. ಅಮ್ಮನಿಗೆ ಇಂಗ್ಲಿಷ್ ಬಾರದು. ಎರಡು ಸಲ ನೋಡಿದಳು. "ಊಟಕ್ಕೆ ಹಾಕಿದಾರೆ. ನಿದ್ದೆ ಮಾಡೋಕೆ ಬಿಟ್ಟಿಲ್ಲ" ಎಂದು ಎದ್ದು ಹೋದಳು.

ಶಾಲೆಯಲ್ಲಿ ಯಾರೂ ನನ್ನ ಮುಂದೆ ಆ ವಿಡಿಯೋದ ಮಾತೆತ್ತಲಿಲ್ಲ. ನಾನು ಒಳಗೆ ಬಂದರೆ ಫೋನುಗಳು ಮೇಜಿನ ಮೇಲೆ ಮಗುಚಿ ಬೀಳುತ್ತಿದ್ದವು. ಮುಖ್ಯೋಪಾಧ್ಯಾಯರು ಒಂದು ದಿನ ಕರೆದು, "ಅವರೇ ಒಪ್ಕೊಂಡ್ಬಿಟ್ಟಿದ್ದಾರಲ್ಲ ಮೇಡಂ, ಇನ್ನು ನೀವು ಗ್ರೂಪಲ್ಲಿ ಅದೂ ಇದೂ ಹಾಕೋದು ಬೇಡ. ನಾಳೆ ನಮ್ಮನ್ನೂ ಕೇಳ್ತಾರೆ" ಎಂದರು. ನಾನು ಹಾಕಿದ್ದು ಅವನಿಗಾಗಿ ಪ್ರಾರ್ಥಿಸಿ ಎಂಬ ಒಂದು ಸಾಲು ಮಾತ್ರ. ಅಳಿಸಿದೆ.

ಚಳಿಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಬಿಡುಗಡೆಯ ಸುದ್ದಿ ಟಿವಿಯಲ್ಲಿ ಬಂತು. ಇಬ್ಬರನ್ನೂ ಬಿಟ್ಟಿದ್ದಾರೆ, ವಿಮಾನ ಹತ್ತಿಸಿದ್ದಾರೆ. ನಾನು ಕೂಗಿಕೊಂಡು ಅಮ್ಮನಿಗೆ ಫೋನ್ ಮಾಡಿದೆ. ಆಮೇಲೆ ಗೌರಿಬಿದನೂರಿಗೆ ಮಾಡಿದರೆ ತಮ್ಮನ ಹೆಂಡತಿಯ ಅಪ್ಪ ಎತ್ತಿಕೊಂಡು, "ಅವಳು ನಿನ್ನೇನೇ ಏರ್‌ಪೋರ್ಟಿಗೆ ಅಂತ ಹೊರಟ್ಳಲ್ಲಮ್ಮ, ನಿಮಗೆ ಹೇಳ್ಲಿಲ್ವಾ?" ಎಂದರು. ಖುಷಿ ಅಲ್ಲೇ ಅರ್ಧಕ್ಕೆ ನಿಂತಿತು. ಹಿಂದಿನ ದಿನವೇ ಅವಳಿಗೆ ಗೊತ್ತಿತ್ತು, ಅವನನ್ನು ಹೆತ್ತ ತಾಯಿಗೆ ಹೇಳಿರಲಿಲ್ಲ.

ತಮ್ಮ ಬಂದ. ತೆಳ್ಳಗಾಗಿದ್ದ, ಗಡ್ಡ ನೀಟಾಗಿ ಬೋಳಿಸಿತ್ತು. ಊರಿನವರು ಹಾರ ತಂದರು. ಅದೇ ಡೇರಿಯ ಕಾರ್ಯದರ್ಶಿ ಶಿಡ್ಲಘಟ್ಟದಲ್ಲಿ ಸನ್ಮಾನ ಏರ್ಪಡಿಸಿದರು. ಶಾಲು ಹೊದೆಸಿ, ಪೇಟ ತೊಡಿಸಿ, ಫೋಟೋ ಎಲ್ಲ ಮುಗಿದ ಮೇಲೆ ಊಟಕ್ಕೆ ಕೂತಾಗ, ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು:

"ಈಗ ನಮ್ಮೋರೇ ಇರೋದು. ನಿಜ ಹೇಳಪ್ಪ. ಏನೂ ಮಾಡ್ದೆ ಯಾರು ಹಿಡೀತಾರೆ?"

ತಮ್ಮ ಅನ್ನ ಕಲಸುವುದನ್ನು ನಿಲ್ಲಿಸಿದ. "ಅಲ್ಲೂ ದಿನಾ ಇದೇ ಕೇಳ್ತಿದ್ರು ಮಾಮ" ಎಂದ. "ಏನೂ ಮಾಡ್ದಿದ್ರೆ ನೀನ್ಯಾಕೆ ಇಲ್ಲಿದ್ದೀಯ ಅಂತ. ಏನ್ ಹೇಳಿದ್ರೂ ಅವ್ರಿಗೆ ಸಾಕಾಗ್ತಿರ್ಲಿಲ್ಲ."

ಕಾರ್ಯದರ್ಶಿ ಜೋರಾಗಿ ನಕ್ಕು, "ಸಾರು ಹಾಕ್ರಪ್ಪ ಇಲ್ಲಿ" ಎಂದು ಬಡಿಸುವವರನ್ನು ಕರೆದರು. ಅವರಿಗೆ ಉತ್ತರ ಸಿಕ್ಕಂತೆ ನನಗೆ ಕಾಣಲಿಲ್ಲ. ಇವತ್ತಿಗೂ ಊರಲ್ಲಿ ಕೆಲವರು, ಅಷ್ಟು ಸುಲಭವಾಗಿ ಬಿಟ್ಟರೆಂದರೆ ಅಲ್ಲಿನವರಿಗೆ ಏನೋ ಮಾತು ಕೊಟ್ಟೇ ಬಂದಿರಬೇಕು ಎನ್ನುತ್ತಾರೆ.

ತಮ್ಮನ ಹೆಂಡತಿಯ ಜೊತೆ ನಾನು ಮಾತು ಬಿಟ್ಟಿದ್ದೆ. ಒಂದು ಭಾನುವಾರ ದಿಬ್ಬೂರಹಳ್ಳಿಯಲ್ಲಿ ಇಬ್ಬರೇ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದಾಗ ಅವಳೇ ಬಾಯಿಬಿಟ್ಟಳು. ಬಂಧನವಾದ ಮೂರನೇ ದಿನದಿಂದ ಒಬ್ಬ ಅಧಿಕಾರಿ ಫೋನ್ ಮಾಡುತ್ತಿದ್ದನಂತೆ. ಮಾತುಕತೆ ನಡೆಯುತ್ತಿದೆ, ನೀವು ಯಾರಿಗಾದರೂ ಹೇಳಿದರೆ ಆ ಟಿವಿ ಮೇಡಂ ಮಾತ್ರ ಬರುತ್ತಾರೆ, ನಿಮ್ಮ ಗಂಡ ಅಲ್ಲೇ ಉಳಿಯುತ್ತಾರೆ ಎಂದು ಪ್ರತಿಸಲವೂ ಹೆದರಿಸುತ್ತಿದ್ದನಂತೆ.

"ನಂಗಾದ್ರೂ ಹೇಳ್ಬೋದಿತ್ತಲ್ಲಮ್ಮ" ಎಂದೆ.

"ನಿಮಗೆ ಹೇಳಿದ್ರೆ ಅಮ್ಮಂಗೆ ಹೇಳ್ದೆ ಇರ್ತಿದ್ರಾ ಅಕ್ಕ? ಅವ್ರು ಅಳೋದು ನೋಡ್ಕೊಂಡು ಸುಮ್ನೆ ಇರ್ತಿದ್ರಾ?"

ಇರುತ್ತಿರಲಿಲ್ಲ. ಅಮ್ಮ ಸೊಪ್ಪು ಕೊಯ್ಯುವವರಿಗೆ ಹೇಳುತ್ತಿದ್ದಳು, ಸಂಜೆಯೊಳಗೆ ಡೇರಿಯ ಮುಂದೆ ಆ ಮಾತು ಇರುತ್ತಿತ್ತು. ನಾನು ಮುಂದಿನ ಗೂಡಿಗೆ ಕೈ ಹಾಕಿದೆ. ಸ್ವಲ್ಪ ಹೊತ್ತಿಗೆ ಅವಳ ಬೆರಳಿಗೆ ಸುತ್ತಿಕೊಂಡಿದ್ದ ಎಳೆಯನ್ನು ತೆಗೆದುಕೊಟ್ಟೆ. ಅಲ್ಲಿಂದ ಮಾತು ಶುರುವಾಯಿತು.

ಆದರೆ ಆ ಅಧಿಕಾರಿ ಯಾರು? ಅವಳಿಗೆ ಗೊತ್ತಿಲ್ಲ. ಒಂದು ಹೆಸರು ಹೇಳಿದ್ದನಂತೆ. ಬಿಡುಗಡೆಯಾದ ಮೇಲೆ ತಮ್ಮ ಹೋಗಿ ನಮ್ಮ ಸರ್ಕಾರದ ಕಚೇರಿಯಲ್ಲಿ ವಿಚಾರಿಸಿದಾಗ, ಆ ಹೆಸರಿನವರು ನಮ್ಮಲ್ಲಿ ಇಲ್ಲ ಎಂದರು. ನಂಬರಿಗೆ ನಾನೇ ಒಂದು ಸಲ ಮಾಡಿ ನೋಡಿದೆ, ಚಾಲ್ತಿಯಲ್ಲಿಲ್ಲ ಎಂದಿತು. ಅವನು ನಮ್ಮ ಕಡೆಯವನೋ, ಅವರ ಕಡೆಯವನೋ, ಸುಮ್ಮನೆ ಒಬ್ಬ ಹೆಣ್ಣಿನ ಬಾಯಿ ಮುಚ್ಚಿಸುವ ಕೆಲಸಕ್ಕೆ ಯಾರೋ ಇಟ್ಟವನೋ, ನಮಗೆ ತಿಳಿದಿಲ್ಲ. ತಮ್ಮನನ್ನು ಕೇಳಿದರೆ, "ಬಿಡಕ್ಕ, ಬಂದಿದ್ದೀನಲ್ಲ" ಎನ್ನುತ್ತಾನೆ. ಹಾಗೆನ್ನುವಾಗ ಅವನು ನನ್ನ ಮುಖ ನೋಡುವುದಿಲ್ಲ.