ಧೋಬಿಖಾನೆಯ ಸರ್ಜನರು

ತೊಂಬತ್ತರ ದಶಕದಲ್ಲಿ ನಮ್ಮವರಿಗೆ ವಡೋದರಾ ಬ್ರ್ಯಾಂಚಿಗೆ ವರ್ಗವಾದಾಗ, ಅಲ್ಕಾಪುರಿಯ ಒಂದು ಧರ್ಮಾಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಸಂಬಳವಿಲ್ಲದ ಸೇವೆ. ಕೀಲಿಮಣೆ ನೋಡದೆ ಟೈಪ್ ಮಾಡುವುದನ್ನು ಕಾನ್ವೆಂಟಿನ ಸಿಸ್ಟರ್‌ಗಳು ಬೆರಳಿಗೆ ಸ್ಕೇಲಿನಿಂದ ತಟ್ಟಿ ತಟ್ಟಿ ಕಲಿಸಿದ್ದರು. ನನ್ನ ಅರ್ಹತೆ ಅಷ್ಟೇ.

ಇಡೀ ಕಟ್ಟಡದಲ್ಲಿ ಎ.ಸಿ. ಇದ್ದದ್ದು ರೋಗಿಗಳಿಗಲ್ಲ, ಕಂಪ್ಯೂಟರಿಗೆ. ದೇವರ ಕೋಣೆಗೆ ಬಂದಂತೆ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಸಿಬ್ಬಂದಿಯಲ್ಲಿ ಯಾರಿಗೆ ಬಳಸಿದ ಸೂಜಿ ಚುಚ್ಚಿದರೂ ನನ್ನ ಬಳಿ ಬಂದು ಹೇಳಬೇಕು, ನಾನು ಟೈಪ್ ಮಾಡಬೇಕು. ಅವರ ರಕ್ತ ಪರೀಕ್ಷೆ ಯಾವಾಗ, ಕಾಮಾಲೆಯ ಲಸಿಕೆ ಯಾವಾಗ ಎಂದು ಯಂತ್ರವೇ ನೆನಪಿಸುತ್ತಿತ್ತು.

ಒಂದು ದಿನ ನುಣ್ಣನೆಯ ನೆಲದ ಮೇಲೆ ಒದ್ದೆ ಪಾದದ ಗುರುತುಗಳು ಮೂಡಿದವು. ಬಂದವಳು ಧೋಬಿಖಾನೆಯ ಹೆಂಗಸು, ಬೆರಳಿಗೆ ಅರಿಶಿನ ಮೆತ್ತಿಕೊಂಡಿದ್ದಳು. ವಾರ್ಡಿನ ಬೆಡ್‌ಶೀಟುಗಳ ಮಡಿಕೆಯಲ್ಲಿ ಸೂಜಿಗಳು ಉಳಿದಿರುತ್ತವಂತೆ. ಅಲ್ಲಿ ಚುಚ್ಚಿಸಿಕೊಳ್ಳದವರೇ ಇಲ್ಲವಂತೆ. ಜೊತೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳೊಬ್ಬಳು ಕಣ್ಣು ಹಳದಿಯಾಗಿ ಊರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಇವಳಿಗೆ ಅದೇ ಭಯ.

ಟೈಪ್ ಮಾಡಲು ಹೊರಟರೆ ಯಂತ್ರ ಹುದ್ದೆ ಕೇಳಿತು. ಸರ್ಜನ್, ಫಿಸಿಷಿಯನ್, ನರ್ಸ್, ಲ್ಯಾಬ್ ಟೆಕ್ನಿಷಿಯನ್, ಅಷ್ಟೇ. ಬೇರೇನು ಒತ್ತಿದರೂ ಕೀಂ ಎಂದು ಕೂಗುತ್ತಿತ್ತು. ಪ್ರೋಗ್ರಾಂ ಬರೆದವನ ಆಫೀಸು ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ. ಫೋನ್ ಮಾಡಿದರೆ, ಸೂಪರಿಂಟೆಂಡೆಂಟರ ಒಪ್ಪಿಗೆ ಬೇಕು ಎಂದ. ಸೂಪರಿಂಟೆಂಡೆಂಟರು, ಸ್ವತಃ ಸರ್ಜನರು, ನಕ್ಕುಬಿಟ್ಟರು. ಧೋಬಿಖಾನೆಯಲ್ಲಿ ಸೋಪಿರುತ್ತದೆ, ಸೂಜಿ ಎಲ್ಲಿಂದ ಬಂತು? ಕಂಪ್ಯೂಟರಿನಲ್ಲಿ ಇದ್ದವರಿಗೆ ಮಾತ್ರ ಲಸಿಕೆ, ಅಂದರು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. "ನಿನಗ್ಯಾಕೆ ಮಾರಾಯ್ತಿ ಈ ಉಸಾಬರಿ?" ಎಂದು ಮಜ್ಜಿಗೆ ಸುರಿದುಕೊಂಡರು.

ಮರುದಿನ ಧೋಬಿಖಾನೆಯ ಹೆಂಗಸರನ್ನೆಲ್ಲ ಕರೆಸಿ ಅವರಿಗೆ ಸೂಜಿ ಚುಚ್ಚಿದ್ದನ್ನೆಲ್ಲ ಬರೆದುಕೊಂಡೆ. ಎ.ಸಿ. ಗಾಳಿಗೆ ಸೆರಗು ಹೊದ್ದುಕೊಂಡು, ಮದುವೆ ಮನೆಗೆ ಬಂದವರಂತೆ ಕೂತಿದ್ದರು. ಸ್ಥಳ: ಧೋಬಿಖಾನೆ. ಹುದ್ದೆ ಎಂದು ಯಂತ್ರ ಕೇಳಿದಾಗಲೆಲ್ಲ, ಕೇಳಿದ್ದಕ್ಕೆ ಉತ್ತರ ಕೊಡಬೇಕೆಂದು ಸಿಸ್ಟರ್‌ಗಳು ಕಲಿಸಿದ್ದರಲ್ಲ, ಮೆಲ್ಲಗೆ ಸರ್ಜನ್ ಎಂದು ಒತ್ತಿದೆ. ಯಂತ್ರ ಚಕಾರ ಎತ್ತಲಿಲ್ಲ.

ತಿಂಗಳ ಮೀಟಿಂಗಿಗೆ ಪ್ರಿಂಟರ್ ಕರಕರ ಎನ್ನುತ್ತ ಉದ್ದನೆಯ ಕಾಗದ ಉಗುಳಿತು. ಟ್ರಸ್ಟಿಗಳೊಬ್ಬರು ಕನ್ನಡಕ ಏರಿಸಿ ಓದಿದರು, ಮತ್ತೆ ಓದಿದರು. ನಮ್ಮ ಸರ್ಜನರಿಗೇ ಎಲ್ಲರಿಗಿಂತ ಹೆಚ್ಚು ಸೂಜಿ ಚುಚ್ಚುತ್ತಿದೆ, ಅದೂ ಬಟ್ಟೆ ಒಗೆಯುವಾಗ ಎಂದು ತಿಳಿದು ಸೂಪರಿಂಟೆಂಡೆಂಟರ ಕಡೆ ನೋಡಿದರು. ಮೇಟ್ರನ್‌ಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ಇದೇನು ಬೆಹೆನ್‌ಜಿ, ನಾನು ಚಾದರ ಒಗೀತೀನಾ?" ಸೂಪರಿಂಟೆಂಡೆಂಟರ ಕಿವಿ ಕೆಂಪಾಗಿತ್ತು.

"ಇಲ್ಲ ಸರ್. ಒಗೆಯುವವರಿಗೆ ಕಂಪ್ಯೂಟರಿನಲ್ಲಿ ಜಾಗ ಇಲ್ಲ. ನಿಮ್ಮ ಜಾಗ ದೊಡ್ಡದು, ಅದರಲ್ಲಿ ಕೂರಿಸಿದೆ."

ಟ್ರಸ್ಟಿ ಹೊಟ್ಟೆ ಹಿಡಿದು ನಕ್ಕರು. ಸೂಪರಿಂಟೆಂಡೆಂಟರು ನಗಲಿಲ್ಲ, ಆದರೆ ಎದ್ದು ನೇರ ಧೋಬಿಖಾನೆಗೆ ನಡೆದರು. ತಿರುಗಿ ಬಂದಾಗ ಅವರ ಕೈಯ ಸ್ಟೀಲ್ ತಟ್ಟೆಯಲ್ಲಿ ಸೂಜಿಗಳಿದ್ದವು. ಅದನ್ನು ಮೇಜಿನ ಮೇಲಿಟ್ಟು, ಸ್ಯಾಟಲೈಟ್‌ನ ಪ್ರೋಗ್ರಾಂ ಹುಡುಗನಿಗೆ ಫೋನ್ ಹಚ್ಚಿ ಎಂದರು.

ಲಸಿಕೆಯ ದಿನ ಸಾಲಿನಲ್ಲಿ ಮೊದಲು ನಿಂತವಳು ಅರಿಶಿನದ ಬೆರಳಿನವಳೇ. ನರ್ಸ್ ಸಿರಿಂಜ್ ಎತ್ತಿದ್ದೇ ತಡ, ಕಣ್ಣು ಮುಚ್ಚಿ, ನನ್ನ ಬಳೆ ಒಡೆಯುವಷ್ಟು ಬಿಗಿಯಾಗಿ ಕೈ ಹಿಡಿದಳು. ಮುಗಿದ ಮೇಲೆ ತೋಳು ಉಜ್ಜಿಕೊಳ್ಳುತ್ತ ಗಂಭೀರವಾಗಿ ಹೇಳಿದಳು:

"ಬೆಹೆನ್, ಇದೂ ಚುಚ್ಚಿತು. ಇದನ್ನೂ ಬರ್ಕೊಳ್ಳಿ."